ಕೈ ತಾಗಿತು, ಸೋಂಕೂ ತಾಗಿತೇ?

ಎಲ್ಲರಿಗೂ ನಮಸ್ಕಾರ. ಸಂಗಾತಿಯ ಜನನಾಂಗವನ್ನು ಕೈಯಿಂದ ಮುಟ್ಟಿದ್ದಕ್ಕೇ ಎಚ್‌ಐವಿ ಬಂದಿರಬಹುದೆಂದು ತಿಂಗಳುಗಟ್ಟಲೆ ನಿದ್ದೆಗೆಡುವವರಿದ್ದಾರೆ. ಮನೆಯಲ್ಲಿ ಹೇಳಲಾಗದು, ವೈದ್ಯರ ಮುಂದೆಯೂ ಬಾಯಿ ಬಿಡಲಾಗದು. ಇವತ್ತಿನ ಮಾತು ಅವರಿಗಾಗಿ.

ಅಂಗೈಯ ಮೇಲ್ಪದರ ಸತ್ತ ಜೀವಕೋಶಗಳದ್ದು. ಎಚ್‌ಐವಿ ಬೆಳೆಯಲು ಕೆಲವು ಬಗೆಯ ಜೀವಂತ ಬಿಳಿರಕ್ತಕಣಗಳೇ ಬೇಕು. ಹಾಗಾಗಿ ಗಾಯವಿಲ್ಲದ ಚರ್ಮವನ್ನು ಅದು ದಾಟುವುದಿಲ್ಲ. ಕೈಗಂಟಿದ ವೀರ್ಯ, ಯೋನಿದ್ರವ ಒಣಗಿದಂತೆ ವೈರಸ್ಸೂ ಬಲಗುಂದುತ್ತದೆ. ಹಕ್ಕಳೆ ಕಟ್ಟಿದ ಹಳೆಯ ಗೀರಿಗೂ ಹೆದರಬೇಕಿಲ್ಲ. ರಕ್ತ ಒಸರುವ ಗಾಯಕ್ಕೆ ಇನ್ನೊಬ್ಬರ ರಕ್ತವೋ ವೀರ್ಯವೋ ತಾಗಿದ್ದರೆ ಮಾತ್ರ ತಡಮಾಡದೆ, 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಅಗತ್ಯ ಕಂಡರೆ ಅವರು ಎಚ್‌ಐವಿ ತಗುಲದಂತೆ 28 ದಿನಗಳ ತಡೆಮಾತ್ರೆ ಕೊಡುತ್ತಾರೆ.

ಇನ್ನು ಲೈಂಗಿಕ ರೋಗಗಳಾದ ಗೊನೋರಿಯಾ, ಕ್ಲಮಿಡಿಯಾ ತರುವ ಬ್ಯಾಕ್ಟೀರಿಯಾಗಳು ನೆಲೆಸುವುದು ಕೈಯ ಚರ್ಮದಲ್ಲಲ್ಲ, ಮೂತ್ರನಾಳ, ಗರ್ಭಕೊರಳು, ಗುದನಾಳ, ಗಂಟಲು ಮತ್ತು ಕಣ್ಣಿನಲ್ಲಿ. ಕಣ್ಣನ್ನು ಜನ ಮರೆಯುತ್ತಾರೆ. ಸ್ರಾವ ಅಂಟಿದ ಬೆರಳಿನಿಂದ ಕಣ್ಣುಜ್ಜಿದರೆ ಗೊನೋರಿಯಾ ಅಲ್ಲಿಗೂ ಹತ್ತಬಹುದು, ಕೀವು ಸುರಿದು ದೃಷ್ಟಿಗೇ ಕುತ್ತು ಬರಬಹುದು. ಇದನ್ನು ತಪ್ಪಿಸಲು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆದರೆ ಸಾಕು.

ಚರ್ಮದಿಂದ ಚರ್ಮಕ್ಕೆ ಹರಡುವವುಗಳ ಲೆಕ್ಕ ಬೇರೆ. ಹರ್ಪಿಸ್ ನೀರ್ಗುಳ್ಳೆ ಮುಟ್ಟಿದರೆ ಬೆರಳ ತುದಿಗೆ ಅದೇ ಸೋಂಕು ತಗುಲಬಹುದು; ನೋಡಲು ಉಗುರುಸುತ್ತಿನಂತಿರುತ್ತದೆ. ಸಿಫಿಲಿಸ್ ಹುಣ್ಣಿಗೆ ನೋವಿರುವುದಿಲ್ಲ, ಆದರೂ ಅದು ಸಾಂಕ್ರಾಮಿಕ. ನರಹುಲಿ ತರುವ ಎಚ್‌ಪಿವಿ ವೈರಸ್ ಬೆರಳ ಮೇಲೂ ಪತ್ತೆಯಾಗಿದೆ, ಆದರೆ ಸಂಭೋಗಕ್ಕೆ ಹೋಲಿಸಿದರೆ ಕೈಯಿಂದ ಬರುವ ಅಪಾಯ ತೀರಾ ಕಡಿಮೆ. ಹೆಚ್ಚು ಹೊತ್ತು ಮೈಗೆ ಮೈ ತಾಗಿದಾಗ ನಿಜಕ್ಕೂ ಅಂಟಿಕೊಳ್ಳುವುದು ಕಜ್ಜಿ (ಸ್ಕೇಬೀಸ್). ಮೊದಲ ಸಲವಾದರೆ ತುರಿಕೆ ಶುರುವಾಗಲು ವಾರಗಳೇ ಹಿಡಿಯುತ್ತವೆ, ಆದ್ದರಿಂದ ಯಾರಿಂದ ಬಂತೆಂದು ಹೊಳೆಯುವುದಿಲ್ಲ. ಎಚ್‌ಐವಿಗೆ ಹೆದರಿ ಕೂತವರು ಬೆರಳ ಸಂದಿಯ ತುರಿಕೆಯನ್ನು ಗಮನಿಸುವುದೇ ಇಲ್ಲ!

ನನ್ನನ್ನು ಹೆಚ್ಚು ಕಾಡುವುದು ಭಯದಿಂದ ಮಾಡಿಕೊಳ್ಳುವ ಉಪಚಾರ. ಡೆಟಾಲ್ ಹಾಕಿ ಜನನಾಂಗ ತೊಳೆದರೆ ಅಲ್ಲಿನ ತೆಳುಚರ್ಮ ಸುಟ್ಟು ಕೆಂಪಾಗುತ್ತದೆ. ಸ್ರಾವ ಬಂತೇ ಎಂದು ದಿನಕ್ಕೆ ಹತ್ತು ಸಲ ಶಿಶ್ನವನ್ನು ಹಿಂಡಿ ನೋಡಿದರೆ ಮೂತ್ರನಾಳ ಕೆರಳಿ ಉರಿಯುತ್ತದೆ, ಒಂದು ಹನಿಯೂ ಬರಬಹುದು. ತಾನೇ ಮಾಡಿಕೊಂಡ ಗಾಯವನ್ನು ರೋಗವೆಂದು ತಿಳಿದು ಇನ್ನಷ್ಟು ಹೆದರುತ್ತಾರೆ. ಶಿಶ್ನದ ತುದಿಯಂಚಿಗೆ ಸಾಲಾಗಿರುವ ಮುತ್ತಿನಂಥ ಪುಟ್ಟ ಗುಳ್ಳೆಗಳೂ ಸಹಜವಾದವೇ, ಅವನ್ನು ಚಿವುಟಬೇಡಿ.

ಗಾಯವಿಲ್ಲದ ಕೈಯ ಸ್ಪರ್ಶ ಮಾತ್ರ ಆಗಿದ್ದರೆ ಎಚ್‌ಐವಿ ಪರೀಕ್ಷೆ ಬೇಕಿಲ್ಲ. ಬೇರೆ ಸಂಪರ್ಕವೂ ಆಗಿದ್ದರೆ, ಲ್ಯಾಬಿನಲ್ಲಿ ರಕ್ತನಾಳದಿಂದ ರಕ್ತ ತೆಗೆದು ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆಯ (ವೈರಸ್ಸಿನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಆಂಟಿಬಾಡಿಯನ್ನೂ ಹುಡುಕುವಂಥದ್ದು) ಫಲಿತಾಂಶ ಸಂಪರ್ಕವಾದ 45 ದಿನಕ್ಕೆ ನಂಬಿಕೆಗೆ ಅರ್ಹ. ಬರೀ ಆಂಟಿಬಾಡಿ ಪರೀಕ್ಷೆಯಾದರೆ 90 ದಿನ ಕಾಯಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ) ಕೇಂದ್ರದಲ್ಲಿ ಪರೀಕ್ಷೆ ಉಚಿತ, ಫಲಿತಾಂಶದ ಗೋಪ್ಯತೆಗೆ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ರಕ್ಷಣೆ ಇದೆ. ಸಂಶಯವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ನೆಗೆಟಿವ್ ಬಂದ ಮೇಲೂ ಮತ್ತೆ ಮತ್ತೆ ಪರೀಕ್ಷೆಗೆ ಓಡುವಂತಾದರೆ ಕರೆ ಮಾಡಬೇಕಾದ್ದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.