ಉಪ್ಪು ಒಣಗುವ ಮೊದಲು

ಮೆಲ್ಬರ್ನ್‌ನ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ. ಅದರಲ್ಲೂ ಟಾರ್ನೀಟ್, ಪಾಯಿಂಟ್ ಕುಕ್, ವೆರಿಬೀ ಕಡೆಯಿಂದ ಕೇಳುತ್ತಿರುವವರಿಗೆ ಇನ್ನೊಂದು ನಮಸ್ಕಾರ. ನಮ್ಮವರಲ್ಲಿ ಬೋಟು ಕೊಂಡವರು ಆ ಕಡೆಯೇ ಜಾಸ್ತಿ ಇದ್ದಾರೆ, ಬೋಟು ಹೊರುವ ಟ್ರೈಲರ್ ಗಾಡಿಯನ್ನು ನನ್ನ ಗ್ಯಾರೇಜಿಗೆ ರಿಪೇರಿಗೆ ತರುವವರೂ ಅವರೇ.

ಇವತ್ತು ನಾನು ಹೇಳುವುದು ಒಂದೇ ಮಾತು. ನಿಮ್ಮ ಬೋಟ್ ಟ್ರೈಲರ್ ಮೇಲಿನ ಉಪ್ಪುನೀರು ಒಣಗುವ ಮೊದಲು ಅದರ ಮೇಲೆ ಸಿಹಿನೀರು ಬೀಳಬೇಕು. ಮನೆಗೆ ಹೋದ ಮೇಲೆ ಅಲ್ಲ, ಊಟ ಆದ ಮೇಲೆ ಅಲ್ಲ, ದಡದಲ್ಲೇ. ಹಾಗಾಗಬೇಕಾದರೆ ನೀರು, ಪಂಪು, ಪೈಪು ಮೂರೂ ನಿಮ್ಮ ಜೊತೆಯಲ್ಲೇ ಬಂದಿರಬೇಕು.

ಏಕೆ ಇಷ್ಟು ಅವಸರ ಅಂತ ಕೇಳಬಹುದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಹತ್ತಿರ ಹತ್ತಿರ ಎರಡು ದೊಡ್ಡ ಚಮಚ. ಟ್ರೈಲರನ್ನು ನೀರಿಗೆ ಇಳಿಸಿ ಎತ್ತಿದಾಗ ಆ ನೀರು ಎಲ್ಲ ಸಂದಿಯಲ್ಲೂ ಕೂತಿರುತ್ತದೆ. ಫ್ರೀವೇ ಹತ್ತಿದ ಕೂಡಲೇ ಗಾಳಿಗೆ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಒಣಗಿತಲ್ಲ, ಇನ್ನೇನು ತೊಂದರೆ ಅನ್ನಬೇಡಿ. ನಾನು ಕುಂದಾಪುರದ ಕಡೆಯವನು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಭರಣಿಯಲ್ಲಿದ್ದ ಕಲ್ಲುಪ್ಪು ತಾನಾಗಿ ನೀರಾಗುತ್ತಿತ್ತು. ಯಾರೂ ಅದಕ್ಕೆ ನೀರು ಹಾಕಿರಲಿಲ್ಲ, ಗಾಳಿಯ ತೇವವನ್ನು ಉಪ್ಪೇ ಎಳೆದುಕೊಳ್ಳುತ್ತಿತ್ತು. ನಿಮ್ಮ ಟ್ರೈಲರ್‌ನ ಸಂದಿಯಲ್ಲೂ ಅದೇ ನಡೆಯುತ್ತದೆ. ಹಗಲು ಒಣಗುತ್ತದೆ, ರಾತ್ರಿ ಒದ್ದೆಯಾಗುತ್ತದೆ. ನೀವು ಮುಂದಿನ ಸಲ ಮೀನಿಗೆ ಹೋಗುವ ತನಕ, ವಾರಗಟ್ಟಲೆ, ಕಬ್ಬಿಣ ಉಪ್ಪುನೀರಿನಲ್ಲೇ ಇರುತ್ತದೆ.

"ನಮ್ಮದು ಗ್ಯಾಲ್ವನೈಸ್ ಮಾಡಿದ್ದು ಅಣ್ಣ, ಏನೂ ಆಗಲ್ಲ" ಅಂತ ನನಗೆ ವಾರಕ್ಕೆ ಒಬ್ಬರಾದರೂ ಹೇಳುತ್ತಾರೆ. ಗ್ಯಾಲ್ವನೈಸ್ ಅಂದರೆ ಸುಮಾರು 450 ಡಿಗ್ರಿಗೆ ಕಾಯಿಸಿ ಕರಗಿಸಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುವುದು. ಆ ಸತುವಿನ ಪದರದ ದಪ್ಪ ಒಂದು ಕೂದಲೆಳೆಯಷ್ಟು. ಕಬ್ಬಿಣದ ಬದಲು ಸತು ತಾನು ಸವೆಯುತ್ತದೆ, ಅದರ ಕೆಲಸವೇ ಅದು. ಉಪ್ಪು ಸದಾ ಮೆತ್ತಿಕೊಂಡಿದ್ದರೆ ಬೇಗ ಸವೆಯುತ್ತದೆ, ಆಮೇಲೆ ಕಬ್ಬಿಣದ ಸರದಿ. ಸತು ನಿಮಗೆ ಸಮಯ ಕೊಡುತ್ತದೆ, ಅಷ್ಟೇ. ತೊಳೆಯುವ ಕೆಲಸ ನಿಮ್ಮದೇ.

ಇಲ್ಲಿ ನನಗೆ ಆದದ್ದನ್ನು ಹೇಳಲೇಬೇಕು.

2016ರ ನವೆಂಬರ್. ಮೆಲ್ಬರ್ನ್ ಕಪ್ ಕುದುರೆ ರೇಸಿನ ವಾರ. ಆ ಹೊತ್ತಿಗೆ ಸ್ನ್ಯಾಪರ್ ಮೀನು ಪೋರ್ಟ್ ಫಿಲಿಪ್ ಕೊಲ್ಲಿಗೆ ಬಂದಿರುತ್ತದೆ, ಊರಿಗೆ ಊರೇ ನೀರಿನ ಮೇಲಿರುತ್ತದೆ. ನಾನು, ನನ್ನ ಮಗ, ಹಾಸನದ ಕಡೆಯ ಒಬ್ಬ ಗೆಳೆಯ, ಮೂವರೂ ಕ್ವೀನ್ಸ್‌ಕ್ಲಿಫ್‌ಗೆ ಹೋಗಿದ್ದೆವು. ಮಗನಿಗೆ ಆಗ ಹನ್ನೊಂದು ವರ್ಷ. ಅವನು ಅವತ್ತು ತಾನೇ ಒಂದು ಸ್ನ್ಯಾಪರ್ ಎಳೆದಿದ್ದ, ಕಾರಿನಲ್ಲಿ ಕೂತರೂ ಆ ಮಾತೇ. ಗೀಲಾಂಗ್ ದಾಟಿ, ಲಾರಾ ದಾಟಿ ಬರುತ್ತಿದ್ದೆವು. ಎಡಗಡೆ ಯೂ ಯಾಂಗ್ಸ್ ಬೆಟ್ಟ ಕಾಣುತ್ತಿತ್ತು. ಹಿಂದಿನಿಂದ 'ಟಣ್' ಅಂತ ಒಂದು ಸದ್ದು. ಒಂದೇ ಸಲ. ಕನ್ನಡಿಯಲ್ಲಿ ನೋಡಿದರೆ ಬೋಟು ಎಡಕ್ಕೆ ವಾಲಿದೆ. ಇನ್ನೊಂದು ಕ್ಷಣಕ್ಕೆ ಹೊಗೆ.

ನಿಧಾನಕ್ಕೆ ಎಡಬದಿಗೆ ಎಳೆದು ನಿಲ್ಲಿಸಿದೆ. ಮಗನನ್ನು ಇಳಿಸಿ ಬೇಲಿಯ ಆಚೆ ನಿಲ್ಲಿಸಿದೆವು. ಎಡಚಕ್ರದ ಸ್ಪ್ರಿಂಗು, ಒಂದರ ಮೇಲೊಂದು ಪಟ್ಟಿ ಜೋಡಿಸಿದ್ದು, ತುಂಡಾಗಿತ್ತು. ಆಕ್ಸಲ್ ಆ ಬದಿಗೆ ಹಿಂದಕ್ಕೆ ಜಾರಿ, ಟೈರು ಮಡ್‌ಗಾರ್ಡಿಗೆ ಉಜ್ಜಿ ಸುಟ್ಟುಹೋಗಿತ್ತು. ಪಕ್ಕದಲ್ಲಿ ನೂರರ ವೇಗದಲ್ಲಿ ಲಾರಿಗಳು ಹೋಗುವಾಗ ನಿಂತ ಕಾರು ನಡುಗುತ್ತಿತ್ತು. ಟೋ ಟ್ರಕ್ ಬರುವ ತನಕ ಮೂರು ಗಂಟೆ ಅಲ್ಲೇ ನಿಂತೆವು. ಮಗ ಮೀನಿನ ಬಗ್ಗೆ ಮತ್ತೆ ಮಾತಾಡಲಿಲ್ಲ, "ಅಪ್ಪಾ, ಬೋಟು ನಮ್ಮ ಮೇಲೆ ಬೀಳ್ತಿತ್ತಾ?" ಅಂತ ಎರಡು ಸಲ ಕೇಳಿದ. ಆ ಪ್ರಶ್ನೆ ನನಗೆ ಈಗಲೂ ನೆನಪಿದೆ.

ಈಗ ಕೇಳಿ. ಆ ಟ್ರೈಲರನ್ನು ನಾನು ಪ್ರತಿ ಸಲವೂ ತೊಳೆಯುತ್ತಿದ್ದೆ. ಒಂದು ಸಲವೂ ತಪ್ಪಿಸಿರಲಿಲ್ಲ. ಮನೆಗೆ ಬಂದು, ಮೀನು ಇಳಿಸಿ, ಶುಚಿ ಮಾಡಿ, ಊಟ ಮಾಡಿ, ಆಮೇಲೆ ಪೈಪು ಹಿಡಿದು ಚೆನ್ನಾಗಿ ನೀರು ಬಿಡುತ್ತಿದ್ದೆ. ಹೊರಗಿನಿಂದ ಸ್ಪ್ರಿಂಗು ಹೊಳೆಯುತ್ತಿತ್ತು. ಮಾರನೇ ದಿನ ಅದನ್ನು ಬಿಚ್ಚಿ ಪಟ್ಟಿಗಳನ್ನು ಬೇರೆ ಮಾಡಿದೆ. ಒಳಗೆ ತುಕ್ಕು ಚಿರೋಟಿಯ ಹಾಗೆ ಎಸಳು ಎಸಳಾಗಿ ಎದ್ದು ಬಂತು. ಮುರಿದ ಜಾಗದಲ್ಲಿ ಪಟ್ಟಿಯ ದಪ್ಪ ಅರ್ಧಕ್ಕೆ ಇಳಿದಿತ್ತು. ಸ್ಪ್ರಿಂಗಿನ ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವೆ ಒಣಗಿದ ಉಪ್ಪು ಗಟ್ಟಿಯಾಗಿ ಕೂತ ಮೇಲೆ ನೀರು ಮೇಲೆ ಮೇಲೆ ಹರಿದು ಹೋಗುತ್ತದೆ, ಒಳಗೆ ಹೋಗುವುದಿಲ್ಲ. ಅದೇ ಉಪ್ಪು ಇನ್ನೂ ನೀರಾಗಿರುವಾಗ ಸಿಹಿನೀರು ಬಿಟ್ಟಿದ್ದರೆ ಎರಡೂ ಬೆರೆತು ಹರಿದುಹೋಗುತ್ತಿತ್ತು. ನಾನು ತೊಳೆದಿದ್ದೆ, ಆದರೆ ಮೂರು ಗಂಟೆ ತಡವಾಗಿ ತೊಳೆದಿದ್ದೆ.

ಆಮೇಲೆ ಒಂದು ದಿನ ಬೋಟು ನೀರಿಗೆ ಇಳಿಸುವ ಇಳಿಜಾರಿನಲ್ಲಿ, ಅಂದರೆ ವೆರಿಬೀ ಸೌತ್ ರ‍್ಯಾಂಪಿನಲ್ಲಿ ಒಬ್ಬ ಹಿರಿಯರನ್ನು ಕಂಡೆ. ಇಟಲಿ ಮೂಲದವರು, ಅಲ್ಲೇ ಹೂಕೋಸು ಬೆಳೆಯುತ್ತಾರೆ. ಅವರ ಯೂಟ್ ಅನ್ನುವ ಪಿಕಪ್ ಗಾಡಿಯ ಹಿಂದೆ ಒಂದು ಟ್ಯಾಂಕು. ತೋಟಕ್ಕೆ ಔಷಧಿ ಹೊಡೆಯಲು ಇಟ್ಟುಕೊಳ್ಳುತ್ತಾರಲ್ಲ, ಅದೇ ತರಹದ್ದು. ಆದರೆ ಹೊಸದು, ಬರೀ ನೀರಿಗೆ ಅಂತಲೇ ಇಟ್ಟದ್ದು. ಬೋಟನ್ನು ನೀರಿನಿಂದ ಎಳೆದರು, ಮೇಲಿನ ಸಮತಟ್ಟು ಜಾಗಕ್ಕೆ ತಂದರು, ಕಾರಿನೊಳಗೆ ಒಂದು ಸ್ವಿಚ್ ಒತ್ತಿದರು. ಟ್ರೈಲರ್‌ನ ಕೆಳಗೆ ನಾಲ್ಕೂ ಕಡೆಯಿಂದ ನೀರು ಚಿಮ್ಮಿತು. ಅವರು ಹಾಗೇ ಆಳು ನಡೆಯುವ ವೇಗದಲ್ಲಿ ಗಾಡಿ ಮುಂದೆ ಬಿಟ್ಟರು. ನಾನು ಬಾಯಿಬಿಟ್ಟು ನೋಡುತ್ತ ನಿಂತೆ. ಟ್ರೈಲರ್‌ಗೆ ಹತ್ತೊಂಬತ್ತು ವರ್ಷ ಅಂದರು. ಬಗ್ಗಿ ನೋಡಿದರೆ ಸ್ಪ್ರಿಂಗು ಇನ್ನೂ ಬೂದುಬಣ್ಣಕ್ಕೇ ಇತ್ತು, ಕೆಂಪು ಎಲ್ಲೂ ಇರಲಿಲ್ಲ.

ಆ ನಿಧಾನದ ನಡಿಗೆಯಲ್ಲೇ ಇಡೀ ಗುಟ್ಟು ಇದೆ, ಗಮನಿಸಿ. ನಿಂತ ಟ್ರೈಲರ್‌ಗೆ ಪೈಪು ಹಿಡಿದರೆ ಬ್ರೇಕ್ ಡಿಸ್ಕಿನ ಒಂದು ಭಾಗ ಅದನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಒಳಗೆ ಅಡಗಿರುತ್ತದೆ, ಅಲ್ಲಿಗೆ ನೀರು ತಲುಪುವುದಿಲ್ಲ. ಚಕ್ರ ತಿರುಗುತ್ತಿರುವಾಗ ನೀರು ಬಿದ್ದರೆ ಇಡೀ ಡಿಸ್ಕು ತೊಳೆದುಹೋಗುತ್ತದೆ. ಮನೆಯ ನಲ್ಲಿಗೆ ಸಿಕ್ಕಿಸಿದ ಪೈಪಿನಿಂದ ಈ ಕೆಲಸ ಆಗುವುದಿಲ್ಲ. ನೀರು ಟ್ರೈಲರ್ ಜೊತೆಗೇ ಚಲಿಸುತ್ತಿರಬೇಕು. ಇಲ್ಲಿನ ಕಾನೂನಿನಂತೆ ಬೋಟಿನ ಭಾರವೂ ಸೇರಿ 750 ಕೆ.ಜಿ. ದಾಟಿದ ಟ್ರೈಲರ್‌ಗೆ ಬ್ರೇಕ್ ಇರಲೇಬೇಕು, 2 ಟನ್ ದಾಟಿದರೆ ಎಲ್ಲ ಚಕ್ರಗಳಿಗೂ. ಐದು ಮೀಟರ್ ಬೋಟು ಇಟ್ಟುಕೊಂಡ ನಮ್ಮವರ ಟ್ರೈಲರ್‌ಗಳಲ್ಲೆಲ್ಲ ಬ್ರೇಕ್ ಇದ್ದೇ ಇದೆ. ಅವುಗಳಲ್ಲಿ ಎಷ್ಟು ಹಿಡಿಯುತ್ತವೆ? ನನ್ನ ಗ್ಯಾರೇಜಿಗೆ ಬರುವವುಗಳಲ್ಲಿ ಕ್ಯಾಲಿಪರ್ ಗಟ್ಟಿಯಾಗಿ ಕೂತುಬಿಟ್ಟಿರುವುದೇ ಜಾಸ್ತಿ.

ಸರಿ, ಏನೇನು ಬೇಕು ಅಂತ ಹೇಳುತ್ತೇನೆ. 60 ಲೀಟರ್‌ನ ಒಂದು ಪ್ಲಾಸ್ಟಿಕ್ ಟ್ಯಾಂಕು. ನಿಮಿಷಕ್ಕೆ 12 ಲೀಟರ್ ತಳ್ಳುವ, 12 ವೋಲ್ಟಿನ ಒಂದು ಡಯಾಫ್ರಾಮ್ ಪಂಪು. ಅಲ್ಲಿಗೆ ಐದು ನಿಮಿಷದ ನೀರು ಸಿಕ್ಕಿತು, ಅಷ್ಟು ಸಾಕು. ಪಂಪಿಗೆ ನೀರು ಬರುವ ಕಡೆ ಒಂದು ಸಣ್ಣ ಜರಡಿ, ಬ್ಯಾಟರಿಯ ಹತ್ತಿರ ಫ್ಯೂಸು, ಕೈಗೆ ಸಿಗುವ ಕಡೆ ಸ್ವಿಚ್ಚು. ಟ್ರೈಲರ್ ಫ್ರೇಮಿನ ಉದ್ದಕ್ಕೂ ಒಂದು ಪೈಪು, ಅದಕ್ಕೆ ಪ್ರತಿ ಚಕ್ರದ ಒಳಬದಿಯಲ್ಲಿ ಎರಡು ನಾಜಲ್. ಒಂದರ ಮುಖ ಬ್ರೇಕಿನ ಕಡೆಗೆ, ಇನ್ನೊಂದರದು ಸ್ಪ್ರಿಂಗಿನ ಕಡೆಗೆ. ಫ್ರೇಮು ಚೌಕಾಕಾರದ ಟೊಳ್ಳು ಕೊಳವೆಯದ್ದಾದರೆ ಅದರ ಬಾಯಿಗೂ ಒಂದು ಇರಲಿ, ಒಳಗಿನ ಉಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪೈಪು ಕೂರಿಸಲು ಫ್ರೇಮಿಗೆ ತೂತು ಹಾಕಬೇಡಿ. ತೂತು ಹಾಕಿದಲ್ಲಿ ಸತು ಹೋಗಿ ಬರೀ ಕಬ್ಬಿಣ ಉಳಿಯುತ್ತದೆ, ತುಕ್ಕಿಗೆ ನೀವೇ ಬಾಗಿಲು ತೆರೆದ ಹಾಗೆ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದರೆ ಸಾಕು.

60 ಲೀಟರ್ ನೀರು ಅಂದರೆ 60 ಕೆ.ಜಿ. ತೂಕ. ಟ್ಯಾಂಕು ಯೂಟ್ ಹಿಂದೆ ಇದ್ದರೆ ಒಳ್ಳೆಯದು. ಟ್ರೈಲರ್‌ನ ಮುಂಭಾಗದಲ್ಲಿ ಇಟ್ಟರೆ ಕೊಂಡಿಯ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಅದನ್ನು ಲೆಕ್ಕ ಹಾಕಿ ಇಡಿ.

"ರ‍್ಯಾಂಪಿನಲ್ಲೇ ನಲ್ಲಿ ಇದೆಯಲ್ಲ" ಅನ್ನುವವರು ಇದ್ದಾರೆ. ಕೆಲವು ಕಡೆ ಇದೆ, ನಿಜ. ಕಪ್ ಡೇ ಮಧ್ಯಾಹ್ನ ಆ ನಲ್ಲಿಯ ಮುಂದಿನ ಸಾಲು ನೋಡಿ ಬನ್ನಿ. ಸಾಲಿನಲ್ಲಿ ಕಾದು ನಿಂತಾಗಲೇ ಉಪ್ಪು ಒಣಗುತ್ತಿರುತ್ತದೆ. ನೀರು ನಿಮ್ಮದೇ ಇರಬೇಕು, ನಿಮ್ಮ ಜೊತೆಯಲ್ಲೇ ಇರಬೇಕು.

ಇನ್ನೊಂದು ವಿಷಯ ಕೊಂಚ ಬೇಜಾರಿನಿಂದಲೇ ಹೇಳುತ್ತೇನೆ. ಮೀನು ಹುಡುಕುವ ಪರದೆಗೆ ಸಾವಿರಾರು ಡಾಲರ್ ಕೊಡುತ್ತೀರಿ. ಯಾವ ಇಂಜಿನ್ ಒಳ್ಳೆಯದು ಅಂತ ನನ್ನನ್ನು ಗಂಟೆಗಟ್ಟಲೆ ಕೇಳುತ್ತೀರಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹಿಂದೆ ಒಂದೂವರೆ ಟನ್ ಎಳೆದುಕೊಂಡು ಹೋಗುವ ಟ್ರೈಲರ್‌ಗೆ ಕೆಲವು ನೂರು ಡಾಲರ್‌ನ ಪಂಪು ಹಾಕಿ ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತೀರಿ. ಮುಂದಿನ ವರ್ಷದ ತನಕ ಸ್ಪ್ರಿಂಗು ತಡೆಯಬೇಕಲ್ಲ?

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೇರಿಂಗು: ಫ್ರೀವೇಯಲ್ಲಿ ಓಡಿ ಬಂದ ಹಬ್, ಅಂದರೆ ಬೇರಿಂಗು ಕೂತಿರುವ ಚಕ್ರದ ನಡುಭಾಗ, ಬಿಸಿಯಾಗಿರುತ್ತದೆ. ಅದನ್ನು ತಣ್ಣನೆಯ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸಮುದ್ರದ ನೀರನ್ನು ಸೀಲಿನೊಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೋದ ಉಪ್ಪನ್ನು ಯಾವ ಪಂಪೂ ತೊಳೆಯಲಾರದು. ಹಬ್ ಮೇಲೆ ಕೈ ಇಟ್ಟು ನೋಡಿ, ತಣ್ಣಗಾದ ಮೇಲೆ ಇಳಿಸಿ. ಲೈಟು: ನೀರಿಗೆ ಇಳಿಸುವ ಮೊದಲು ಪ್ಲಗ್ ಕೀಳಿ. ಜೋರು ಒತ್ತಡದ ಪ್ರೆಶರ್ ವಾಷರ್ ಬೇರಿಂಗಿನ ಹತ್ತಿರ ಬೇಡವೇ ಬೇಡ, ಸೀಲು ದಾಟಿ ನೀರು ಒಳಗೆ ಹೋಗುತ್ತದೆ.

ಮನೆಗೆ ಹೋದ ಮೇಲೆ ಇನ್ನೊಮ್ಮೆ ತೊಳೆಯಿರಿ, ಬೇಡ ಅನ್ನುವುದಿಲ್ಲ. ಟ್ರೈಲರ್‌ನ ಮೂತಿಗಿರುವ ಪುಟ್ಟ ಜಾಕಿ ವೀಲ್ ತಿರುಗಿಸಿ ಮುಂಭಾಗ ಎತ್ತರಿಸಿ ಇಟ್ಟರೆ ಫ್ರೇಮಿನ ಒಳಗಿನ ನೀರು ಹಿಂದಿನಿಂದ ಪೂರ್ತಿ ಇಳಿದುಹೋಗುತ್ತದೆ. ಒಣಗಿದ ಮೇಲೆ ಸ್ಪ್ರಿಂಗಿಗೆ ಲ್ಯಾನೋಲಿನ್ ಹೊಡೆಯಿರಿ. ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು ಅದು, ಇಲ್ಲಿ ಬೋಟು, ಕಾರಿನ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮ ಗಂಗೊಳ್ಳಿಯ ಕಡೆ ಮರದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರಲ್ಲ, ಇದೂ ಹಾಗೇ ನೀರನ್ನು ದೂರ ಇಡುತ್ತದೆ. ಬ್ರೇಕ್ ಡಿಸ್ಕಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಆದರೆ ಇದೆಲ್ಲ ಎರಡನೆಯ ಮಾತು. ಮೊದಲನೆಯದು ದಡದಲ್ಲಿ, ಉಪ್ಪು ಒದ್ದೆ ಇರುವಾಗಲೇ, ಚಕ್ರ ತಿರುಗುತ್ತಿರುವಾಗಲೇ ಸಿಹಿನೀರು.

ನನ್ನ ಮಗ ಈಗ ದೊಡ್ಡವನಾಗಿದ್ದಾನೆ. ರ‍್ಯಾಂಪಿನಿಂದ ಮೇಲೆ ಬಂದ ಕೂಡಲೇ ಆ ಸ್ವಿಚ್ ಒತ್ತುವುದು ಅವನ ಕೆಲಸ, ನಾನು ನೆನಪಿಸಬೇಕಾಗಿಲ್ಲ. ಕಪ್ ಡೇ ಹತ್ತಿರ ಬರುತ್ತಿದೆ. ಹಿಂದಿನ ರಾತ್ರಿ ಐಸ್ ಪೆಟ್ಟಿಗೆ ತುಂಬಿಸುವಾಗ ನೀರಿನ ಟ್ಯಾಂಕನ್ನೂ ತುಂಬಿಸಿಕೊಳ್ಳಿ. ಪಂಪು ಕೂರಿಸುವುದು ಗೊತ್ತಾಗದಿದ್ದರೆ ರವಿವಾರ ಬೆಳಿಗ್ಗೆ ವೆರಿಬೀ ಸೌತ್ ರ‍್ಯಾಂಪಿಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ, ನನ್ನ ಟ್ರೈಲರ್ ಕೆಳಗೆ ಬಗ್ಗಿ ನೋಡಬಹುದು. ನಮಸ್ಕಾರ.