ನ್ಯೂಕ್ಲಿಯಸ್ ಕಂದಾದರೆ ಸಾಕೇ?

ಎಲ್ಲರಿಗೂ ನಮಸ್ಕಾರ. ಊಟದ ನಂತರದ ಹೊತ್ತು ನನಗೆ ಕೊಟ್ಟಿದ್ದಾರೆ. ನಿದ್ದೆ ಬಂದವರು ಮಲಗಿ, ಗೊರಕೆ ಮಾತ್ರ ಬೇಡ.

ಆಂಟಿಬಾಡಿ, ಅಂದರೆ ನಾವು ಹುಡುಕುವ ಪ್ರೊಟೀನ್‌ಗೆ ಅಂಟಿಕೊಂಡು ಅದು ಎಲ್ಲಿದೆ ಅಂತ ತೋರಿಸಬೇಕಾದ ಪ್ರೊಟೀನ್, ಇಲ್ಲಿ ಯಾರಿಗೂ ಹೊಸದಲ್ಲ. ನಾನು ಕೇಳುವುದು ಒಂದೇ. ನೀವು ಹುಡುಕುವ ಪ್ರೊಟೀನ್ ಇಲ್ಲವೇ ಇಲ್ಲ ಅನ್ನುವ ಜೀವಕೋಶವನ್ನೂ ಪಕ್ಕದಲ್ಲಿಟ್ಟು ತೋರಿಸಿ. ಅಲ್ಲಿಯವರೆಗೆ ನಿಮ್ಮ ಚಂದದ ಫೋಟೋವನ್ನು ನಾನು ನಂಬುವುದಿಲ್ಲ.

ಈಸ್ಟ್ರೋಜನ್ ರಿಸೆಪ್ಟರ್ ಬೀಟಾದ ಕತೆ ಕೇಳಿ. ಡಿಎನ್‌ಎಗೆ ಅಂಟಿಕೊಂಡು ಜೀನ್‌ಗಳ ಕೆಲಸ ನಿಯಂತ್ರಿಸುವ ಪ್ರೊಟೀನ್ ಇದು. 1996ರಲ್ಲಿ ಸ್ವೀಡನ್ನಿನ ಯಾನ್-ಓಕೆ ಗುಸ್ಟಾಫ್ಸನ್ ಅವರ ಲ್ಯಾಬ್ ಇಲಿಯ ಪ್ರಾಸ್ಟೇಟ್‌ನಲ್ಲಿ ಇದನ್ನು ಪತ್ತೆ ಮಾಡಿತು. ಇದರ ಅಣ್ಣ ಆಲ್ಫಾ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎಷ್ಟು ಮುಖ್ಯ ಅಂತ ಗೊತ್ತಲ್ಲ. ಸರಿ, ತಮ್ಮನ ಹಿಂದೆಯೂ ಜನ ಬಿದ್ದರು. ಸ್ತನದಲ್ಲಿ ಇದೆ ಅಂತ ಕೆಲವರು, ಇಲ್ಲ ಅಂತ ಇನ್ನು ಕೆಲವರು. ವರ್ಷಗಟ್ಟಲೆ ಜಗ್ಗಾಟ.

2017ರಲ್ಲಿ ಸ್ವೀಡನ್ನಿನದೇ ತಂಡವೊಂದು ಬೀಟಾವನ್ನು ಹುಡುಕುವ 13 ಆಂಟಿಬಾಡಿಗಳನ್ನು ಪರೀಕ್ಷೆಗೆ ಕೂರಿಸಿತು. ಎಷ್ಟು ಪಾಸಾದವು? ಹಿಂದಿನ ಸಾಲಿನವರು ಹೇಳಿ. ಏಳಾ? ನಿಮ್ಮಂಥವರು ಪೇಪರ್ ತಿದ್ದಿದರೆ ಮಕ್ಕಳಿಗೆ ಹಬ್ಬ. ಟಿಶ್ಯೂ ಸ್ಲೈಡಿನಲ್ಲಿ, ಅಂದರೆ ಗಾಜಿನ ಮೇಲಿಟ್ಟ ಅಂಗಾಂಶದ ತೆಳು ಚೂರಿನಲ್ಲಿ, ಪಾಸಾದದ್ದು ಒಂದೇ ಒಂದು, ಪಿಪಿಝಡ್0506. ಅದನ್ನು ಬಳಸುವವರೇ ಕಡಿಮೆ ಇದ್ದರು! ಎಲ್ಲರ ಫ್ರಿಜ್ಜಿನಲ್ಲೂ ಇರುತ್ತಿದ್ದ ಪಿಪಿಜಿ5/10 ಡುಮ್ಕಿ.

ಪಾಸಾದದ್ದನ್ನು ಹಿಡಿದು 44 ಬಗೆಯ ಸಹಜ ಅಂಗಾಂಶ ನೋಡಿದರು. ವೃಷಣದಲ್ಲಿ, ಅಂಡಾಶಯದಲ್ಲಿ, ಲಿಂಫ್ ಕೋಶಗಳಲ್ಲಿ ಬೀಟಾ ಸಿಕ್ಕಿತು. ಸ್ತನದಲ್ಲಿ ಸಿಗಲಿಲ್ಲ. ಸ್ತನದ ಗಡ್ಡೆಯಲ್ಲೂ ಸಿಗಲಿಲ್ಲ. ತಪ್ಪು ಆಂಟಿಬಾಡಿ ಹಿಡಿದು ಬರೆದ ಪಿಎಚ್‌ಡಿಗಳನ್ನು ಸುಮ್ನೆ ನೆನೆಸಿಕೊಳ್ಳಿ.

ಪ್ರೊಟೀನ್ ನ್ಯೂಕ್ಲಿಯಸ್ಸಿನದು, ಸ್ಲೈಡಿನಲ್ಲಿ ಆಂಟಿಬಾಡಿಯ ಬಣ್ಣ ಹತ್ತಿ ನ್ಯೂಕ್ಲಿಯಸ್ಸೇ ಕಂದಾಗಿದೆ, ಇನ್ನೇನು ಬೇಕು ಅನ್ನುತ್ತೇವೆ. ಅಲ್ಲಿ ಸಾವಿರಾರು ಪ್ರೊಟೀನ್‌ಗಳಿವೆ ಸ್ವಾಮಿ! ಊರಿಗೆ ಹೋದವರ ಮನೆ ಬಾಗಿಲು ತಟ್ಟಿದಾಗ ಒಳಗಿಂದ 'ಯಾರು?' ಅಂತ ದನಿ ಬಂದರೆ ಅನುಮಾನ ಬರಬೇಕು, ಅಲ್ವಾ? ಅದಕ್ಕೇ ಪ್ರೊಟೀನ್ ಇಲ್ಲದ ಕೋಶ ಬೇಕು.

'ಬ್ಲಾಟ್‌ನಲ್ಲಿ ಸರಿಯಾದ ಜಾಗದಲ್ಲೇ ಬ್ಯಾಂಡ್ ಬಂತು ಸಾರ್' ಅನ್ನುತ್ತೀರಿ. ಬ್ಲಾಟ್ ಅಂದರೆ ಪ್ರೊಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ, ತೂಕದ ಪ್ರಕಾರ ಬೇರ್ಪಡಿಸಿ, ಆಂಟಿಬಾಡಿ ಹಿಡಿದದ್ದನ್ನು ಪಟ್ಟಿಯಾಗಿ (ಬ್ಯಾಂಡ್) ನೋಡುವ ಪರೀಕ್ಷೆ. ಕ್ಯಾನ್ಸರ್ ತಡೆಯುವ ಪ್ರೊಟೀನ್ ಪಿ53 ಜೆಲ್‌ನಲ್ಲಿ 53 ಕಿಲೋಡಾಲ್ಟನ್ (ಪ್ರೊಟೀನ್ ತೂಕದ ಅಳತೆ) ಹತ್ತಿರ ನಿಲ್ಲುತ್ತದೆ. ನಿಜವಾದ ತೂಕ ಸುಮಾರು 44. ಅದರಲ್ಲಿ ಪ್ರೋಲೀನ್ ಅನ್ನುವ ಅಮೈನೋ ಆಮ್ಲ ಜಾಸ್ತಿ, ಓಟ ನಿಧಾನ. ಬರೀ ತೂಕದ ಲೆಕ್ಕ ನೋಡಿದರೆ 44ರ ಹತ್ತಿರದ ಯಾವುದೋ ಬ್ಯಾಂಡನ್ನೇ ಪಿ53 ಅಂದುಬಿಡುತ್ತೀರಿ. ಲ್ಯಾಬಿನಲ್ಲಿ ಬೆಳೆಸುವ ಎಚ್1299 ಅನ್ನುವ ಕೋಶಗಳಲ್ಲಿ ಪಿ53 ಇರುವುದೇ ಇಲ್ಲ. ಪಕ್ಕದ ಲೇನ್‌ನಲ್ಲಿ ಅವನ್ನೂ ಓಡಿಸಿ. ನಿಮ್ಮ ಬ್ಯಾಂಡ್ ಅಲ್ಲೂ ಕಂಡರೆ ಅದು ಪಿ53 ಅಲ್ಲ.

ಅಧ್ಯಕ್ಷರ ಚೀಟಿ ಬಂತು. ಫಿಕ್ಸೇಶನ್, ಅಂದರೆ ಅಂಗಾಂಶ ಕೆಡದಂತೆ ರಾಸಾಯನಿಕದಲ್ಲಿಡುವುದು, ಅದರ ಬಗ್ಗೆ ಒಂದೇ ಮಾತು: ಬ್ಲಾಟ್‌ನಲ್ಲಿ ಪಾಸಾದದ್ದು ಫಾರ್ಮಾಲಿನ್‌ನಲ್ಲಿಟ್ಟ ಅಂಗಾಂಶದಲ್ಲಿ ಫೇಲಾಗಬಹುದು. ಪಾಲಿಕ್ಲೋನಲ್ (ಪ್ರಾಣಿಯ ರಕ್ತದಿಂದ ತೆಗೆದ ಹಲವು ಆಂಟಿಬಾಡಿಗಳ ಮಿಶ್ರಣ) ಆದರೆ ಲಾಟ್, ಅಂದರೆ ತಯಾರಿಕೆಯ ಕಂತು, ಬದಲಾದಾಗಲೆಲ್ಲ ಮತ್ತೆ ಪರೀಕ್ಷೆ ಮಾಡಿ. ಗೊತ್ತಿರುವ ಜೀನ್‌ನಿಂದ ತಯಾರಿಸಿದ ರೀಕಾಂಬಿನೆಂಟ್ ಆಂಟಿಬಾಡಿ ಸಿಕ್ಕರೆ ಅದನ್ನೇ ತಗೊಳ್ಳಿ. ಆಂಟಿಬಾಡಿಯನ್ನು ಎಷ್ಟು ತೆಳು ಮಾಡಬೇಕು ಅನ್ನುವ ಭಾಷಣದ ಸ್ಲೈಡುಗಳನ್ನು ಬಿಟ್ಟುಬಿಡುತ್ತೇನೆ.

ಇನ್ನು ಪ್ರಶ್ನೆಗಳು. 'ನಾಕೌಟ್ ಕೋಶ (ಆ ಪ್ರೊಟೀನಿನ ಜೀನನ್ನೇ ಕೆಡಿಸಿದ ಕೋಶ) ದುಬಾರಿ ಸಾರ್' ಅಂತ ಮಾತ್ರ ಶುರು ಮಾಡಬೇಡಿ. ಪ್ರೊಟೀನ್ ತಯಾರಿಗೆ ಅಡ್ಡಬರುವ ಪುಟ್ಟ ಆರ್‌ಎನ್‌ಎ ತುಣುಕು, ಎಸ್‌ಐಆರ್‌ಎನ್‌ಎ, ಹಾಕಿ ಪ್ರೊಟೀನ್ ಕಡಿಮೆ ಮಾಡಿ. ಬ್ಯಾಂಡ್ ತೆಳ್ಳಗಾಗದಿದ್ದರೆ ಆಮೇಲೆ ಮಾತಾಡೋಣ.