ಬಾತ್‌ರೂಮ್ ವಾಸನೆ: ಟೈಲ್ಸ್ ಒಡೆಯುವ ಮೊದಲು ಇಷ್ಟು ನೋಡಿ

ನಮಸ್ಕಾರ, ಗೋವಾದ ಜುವಾರಿನಗರದಿಂದ. ಮಳೆ ಸದ್ದು ಕೇಳಿಸುತ್ತಿದೆ ಅಲ್ವಾ? ಇವತ್ತು ಬೀಚ್ ಇಲ್ಲ, ಬಾತ್‌ರೂಮ್. ನಾವು ಊರಿಂದ ವಾಪಸ್ ಬಂದಾಗಿನಿಂದ ಮನೆ ತುಂಬ ಕೊಳೆತ ಮೊಟ್ಟೆ ವಾಸನೆ.

ಇದು ನಹಾನಿ ಟ್ರ್ಯಾಪ್, ಅಂದರೆ ಬಾತ್‌ರೂಮ್ ನೆಲದ ನೀರು ಹೊರಹೋಗುವ ಬಾಯಿ. ಜಾಲಿ ತೆಗೆದು ಟಾರ್ಚ್ ಬಿಟ್ಟರೆ ಒಳಗೆ ನೀರು ಕಾಣಬೇಕು, ಸುಮಾರು 50 ಮಿಲಿಮೀಟರ್. ಸೆಪ್ಟಿಕ್ ಟ್ಯಾಂಕಿನ ಗ್ಯಾಸ್ ಮನೆಯೊಳಗೆ ಬರದಂತೆ ತಡೆಯುವುದು ಆ ನೀರೇ. ಬಳಸದೆ ಬಿಟ್ಟರೆ ಆರಿಹೋಗುತ್ತದೆ. ಹಿಂದಿನ ಬಾತ್‌ರೂಮಿನಲ್ಲಿ ಪೂರ್ತಿ ಒಣಗಿತ್ತು. ಒಂದು ಬಕೆಟ್ ನೀರು, ಮೇಲೆ ಒಂದು ಚಮಚ ಎಣ್ಣೆ. ಎಣ್ಣೆ ಇದ್ದರೆ ನೀರು ಬೇಗ ಆರುವುದಿಲ್ಲ. ಅಲ್ಲಿಗೆ ಅಲ್ಲಿಯ ವಾಸನೆ ಹೋಯಿತು.

ದಿನಾ ಬಳಸುವ ಬಾತ್‌ರೂಮಿನದು ಮಾತ್ರ ಹೋಗಲಿಲ್ಲ. ಪ್ಲಂಬರ್ ಬಂದರು. ಜಾಲಿ ಎತ್ತಲಿಲ್ಲ, ಟೆರೇಸ್ ಹತ್ತಲಿಲ್ಲ. ಸುತ್ತಿಗೆಯಿಂದ ನೆಲ ತಟ್ಟಿ, ಕೆಳಗೆ ಪೈಪ್ ಒಡೆದಿದೆ, ಟೈಲ್ಸ್ ತೆಗೆಯಬೇಕು, ಹದಿನಾಲ್ಕು ಸಾವಿರ ಅಂದರು. ಯಾವ ಪೈಪ್, ಎಲ್ಲಿ ಒಡೆದಿದೆ ಅಂತ ಕೇಳಿದೆ. ಒಡೆದ ಮೇಲೆ ಗೊತ್ತಾಗುತ್ತದಂತೆ! ಟೈಲ್ಸ್ ಬೇರೆ, ಸಿಮೆಂಟ್ ಬೇರೆ. ಬಾಡಿಗೆ ಮನೆ, ಓನರ್‌ಗೆ ಏನು ಹೇಳುವುದು? ಅವ್ವ ಹೆದರಿ ಒಪ್ಪಿಯೇಬಿಟ್ಟಿದ್ದಳು. ನೋಡಲು ಬಂದಿದ್ದಕ್ಕೇ ಐನೂರು ತೆಗೆದುಕೊಂಡರು. ನೋಡದೆ ಒಡೆಯಿರಿ ಅನ್ನುವವರಿಗೆ ಕೆಲಸ ಕೊಡಬೇಡಿ.

ಈಗ ಫ್ಲಶ್ ಮಾಡುತ್ತೇನೆ, ನಹಾನಿ ಕಡೆ ನೋಡಿ. ಗುಳುಗುಳು ಅಂತಿದೆ, ನೀರು ಕೆಳಗೆ ಜಗ್ಗುತ್ತಿದೆ. ನಮ್ಮಲ್ಲಿ ಕಮೋಡ್, ನಹಾನಿ ಎರಡೂ ಒಂದೇ ಲೈನಿಗೆ ಸೇರುತ್ತವೆ. ನೀರು ರಭಸದಿಂದ ಇಳಿಯುವಾಗ ಹಿಂದೆ ಗಾಳಿ ಬೇಕು. ಅದು ವೆಂಟ್ ಪೈಪಿನಿಂದ, ಅಂದರೆ ಟೆರೇಸ್ ಮೇಲೆ ಬಾಯಿ ತೆರೆದಿರುವ ಗಾಳಿ ಪೈಪಿನಿಂದ ಬರಬೇಕು. ಅದು ಕಟ್ಟಿದ್ದರೆ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತದೆ.

ತಮ್ಮ ಏಣಿ ತರಲು ಹೋಗಿದ್ದಾನೆ. ಮಳೆಗಾಲದಲ್ಲಿ ಇಲ್ಲಿ ಮೀನು ತುಂಬಾ ತುಟ್ಟಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್‌ಗಳು ಕಡಲಿಗೆ ಇಳಿಯುವಂತಿಲ್ಲ. ಅದು ಸರಿಯೇ, ಮೀನು ಮೊಟ್ಟೆ ಇಡುವ ಕಾಲ. ಆದರೂ ಬಂಗಡೆ ಇಲ್ಲದ ಊಟ... ಹಾಂ, ಏಣಿ ಬಂತು, ಮಳೆಯೂ ನಿಂತಿದೆ.

ನೋಡಿ, ವೆಂಟ್ ಪೈಪಿನ ಬಾಯಿ ತುಂಬ ಎಲೆ, ಕಡ್ಡಿ, ಹಳೇ ಗೂಡು! ಎಲ್ಲ ತೆಗೆದುಹಾಕಿದೆ.

ಮೇಲಿಂದ ಸೆಪ್ಟಿಕ್ ಟ್ಯಾಂಕ್ ಕಾಣುತ್ತಿದೆ. ಮಳೆಗಾಲದಲ್ಲಿ ಅದನ್ನು ಖಾಲಿ ಮಾಡಿಸುವುದು ದುಡ್ಡು ದಂಡ, ಇಂಗುಗುಂಡಿಯಲ್ಲೇ ನೀರು ನಿಂತಿರುತ್ತದೆ. ಇಲ್ಲ, ಹಾಗೆ ಪೂರ್ತಿ ಹೇಳಲಾರೆ. ಎಲ್ಲಾ ಕಡೆ ನೀರು ನಿಧಾನಕ್ಕೆ ಇಳಿದು, ಕಮೋಡ್‌ನಲ್ಲಿ ವಾಪಸ್ ಬರುತ್ತಿದ್ದರೆ ಟ್ಯಾಂಕರ್ ಕರೆಸಲೇಬೇಕು. ಆದರೆ ಮುಚ್ಚಳ ತೆಗೆದು ಬಗ್ಗಬೇಡಿ, ಬೆಂಕಿ ಕಡ್ಡಿ ಗೀರಬೇಡಿ. ಒಳಗಿನ ಮೀಥೇನ್ ಹೊತ್ತಿಕೊಳ್ಳುತ್ತದೆ. ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್, ಹೈಡ್ರೋಜನ್ ಸಲ್ಫೈಡ್, ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಅಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಯಾರನ್ನೂ ಇಳಿಸಬೇಡಿ. ಸುರಕ್ಷತಾ ಸಾಧನಗಳಿಲ್ಲದೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬಿಡಿ, ಅವರಿಗೂ ಮನೆಯಲ್ಲಿ ಕಾಯುವವರು ಇರುತ್ತಾರೆ.

ಸರಿ, ಟ್ರ್ಯಾಪಿಗೆ ನೀರು ತುಂಬಿಸಿದೆ. ಮತ್ತೆ ಫ್ಲಶ್. ಸದ್ದಿಲ್ಲ, ನೀರೂ ಅಲ್ಲೇ ಇದೆ. ಪೈಪಿನ ಬಾಯಿಗೆ ಜಾಲರಿ ಇರುವ ಟೋಪಿ ತರಬೇಕು. ಮಧ್ಯಾಹ್ನ ಇಲ್ಲಿ ಅಂಗಡಿ ಮುಚ್ಚಿಬಿಡುತ್ತಾರೆ, ಓಡುತ್ತೇನೆ.